ಎಚ್ಚರಿಕೆಮುಕ್ತ ಘೋಷಣಾಪುರ

ಬಹಳ ಹಿಂದೆ, ಆದರೆ ಕಂಪ್ಯೂಟರ್ ಬಂದ ಮೇಲೆ, ಘೋಷಣಾಪುರವೆಂಬ ರಾಜ್ಯವೊಂದಿತ್ತು. ಶ್ರೀಮನ್ಮಹಾರಾಜ ಉದ್ಘೋಷವರ್ಮರು ದಿನಕ್ಕೊಂದು ಯೋಜನೆ ಘೋಷಿಸದೆ ಅನ್ನ ಮುಟ್ಟುತ್ತಿರಲಿಲ್ಲ. ಆ ಘೋಷಣೆಗಳು ಪ್ರಜೆಗಳ ಮೊಬೈಲು ಸೇರಲೆಂದು ರಾಜ್ಯಕ್ಕೆ ತನ್ನದೇ ಆಪರೇಟಿಂಗ್ ಸಿಸ್ಟಂ ಇತ್ತು. ಅದರ ನೆಟ್‌ವರ್ಕ್ ಭಾಗವನ್ನು ಚೆಲುವಾಂಬೆ ಎಂಬ ಇಂಜಿನಿಯರು ನೋಡಿಕೊಳ್ಳುತ್ತಿದ್ದಳು.

ಮಳೆಗಾಲದ ಆರಂಭದಲ್ಲಿ ಮಹಾರಾಜರು ಯಂತ್ರಶಾಲೆಗೆ ಚಿತ್ತೈಸಿದರು. ಅದೇ ಹೊತ್ತಿಗೆ, ಪ್ರೋಗ್ರಾಮನ್ನು ಓದಿ ತಪ್ಪು ಹುಡುಕುವ ಕಂಪೈಲರು ಪರದೆಯ ಮೇಲೆ ಹಳದಿ ಅಕ್ಷರಗಳಲ್ಲಿ ಒಂದು ಎಚ್ಚರಿಕೆ ಮೂಡಿಸಿತು: 'ಘೋಷಿಸಲಾಗಿದೆ, ಬಳಸಿಲ್ಲ.'

ಮಹಾರಾಜರ ಮುಖ ಕಪ್ಪಿಟ್ಟಿತು. "ಇದು ನಮ್ಮ ಆಸ್ಪತ್ರೆಗಳ ಮಾತೋ, ಸೇತುವೆಗಳ ಮಾತೋ?"

"ಎರಡೂ ಅಲ್ಲ ಮಹಾಪ್ರಭು," ಎಂದಳು ಚೆಲುವಾಂಬೆ. "ಒಂದು ವೇರಿಯಬಲ್ಲಿನ ಮಾತು. ಹೆಸರು ಬರೆದಿಟ್ಟ ಡಬ್ಬ ಅಂತ ತಿಳ್ಕೊಳ್ಳಿ. ಕಳಿಸಿದ ಸಂದೇಶ ತಲುಪಿತೋ ಇಲ್ಲವೋ ಅನ್ನೋ ಉತ್ತರ ಅದರೊಳಗೆ ಬಂದು ಬೀಳುತ್ತೆ. ಮುಚ್ಚಳ ತೆಗೆದು ಯಾರೂ ನೋಡ್ತಿಲ್ಲ. ಏನೇ ಆಗಲಿ, ಪರದೆ ಮೇಲೆ 'ತಲುಪಿತು' ಅಂತಲೇ ಬರುತ್ತೆ."

"ನೋಡಿದರೆ?"

"ಹೊಳೆಯಾಚೆಯ ಊರುಗಳಿಗೆ ಹೆಚ್ಚಾಗಿ 'ತಲುಪಿಲ್ಲ' ಅಂತ ಬರುತ್ತೆ. ಅಣೆಕಟ್ಟಿನ ಬಾಗಿಲು ತೆಗೆಯೋ ಸುದ್ದಿಯೂ ಇದೇ ದಾರೀಲಿ ಹೋಗಬೇಕು. ಸರಿಪಡಿಸೋಕೆ ಒಂದು ವಾರ ಕೊಡಿ."

ಪ್ರಧಾನಿ ಸ್ತುತಿಸಾಗರರು ಕೈಮುಗಿದರು. "ಸರಿಪಡಿಸಲು ವಾರ ಬೇಕು. ಎಚ್ಚರಿಕೆ ನಿಲ್ಲಿಸಲು ಒಂದು ಸ್ವಿಚ್ಚು ಸಾಕಂತೆ ಪ್ರಭು. ಸೂರ್ಯಸಮಾನರಾದ ತಮ್ಮನ್ನು ಒಂದು ಯಂತ್ರ ಎಚ್ಚರಿಸುವುದೇ?"

ರಾಜಾಜ್ಞೆ ಹೊರಬಿತ್ತು: ಯಂತ್ರವಾಗಲಿ ಮನುಷ್ಯರಾಗಲಿ ಪರವಾನಗಿಯಿಲ್ಲದೆ ಎಚ್ಚರಿಕೆ ಕೊಡಕೂಡದು. ಹಳದಿ ಅಕ್ಷರಗಳು ಮಾಯವಾದವು. ಸ್ತುತಿಸಾಗರರು ಅರಮನೆಯ ಬಾಗಿಲಲ್ಲಿ, ಬಂದ ಎಚ್ಚರಿಕೆಗಳ ಲೆಕ್ಕ ತೋರಿಸುವ 'ಎಚ್ಚರಿಕೆಮುಕ್ತ ರಾಜ್ಯ' ಎಂಬ ಡ್ಯಾಶ್‌ಬೋರ್ಡ್ ಹಾಕಿಸಿದರು. ಅದರಲ್ಲಿ ಇದ್ದದ್ದು ಒಂದು ಸೊನ್ನೆ. ಸುತ್ತ ಚಿನ್ನದ ಅಂಚು.

ಆಷಾಢದಲ್ಲಿ ಅಣೆಕಟ್ಟು ತುಂಬಿತು. ಬಾಗಿಲು ತೆಗೆಯುವ ಸುದ್ದಿಯನ್ನು ಎಚ್ಚರಿಕೆ ಎನ್ನುವಂತಿರಲಿಲ್ಲವಾಗಿ 'ಜಲಾಗಮನದ ಶುಭಸೂಚನೆ' ಎಂದು ಕಳಿಸಿದರು. 'ತಲುಪಿತು' ಎಂದಿತು ಪರದೆ. ಚೆಲುವಾಂಬೆಗೆ ಕೂತಲ್ಲಿ ಕೂರಲಾಗಲಿಲ್ಲ. ಕೆಲಸ ಹೋಗುವುದು ಗೊತ್ತಿದ್ದೂ ಸ್ಕೂಟರ್ ಹತ್ತಿ, ಹೊಳೆಯಾಚೆಯ ತಗ್ಗಿನಕೊಪ್ಪಕ್ಕೆ ಹೋದಳು. ಮೊದಲ ಮನೆಯ ಜಗುಲಿಯಲ್ಲಿ ಪುಟ್ಟತಾಯಮ್ಮನೆಂಬ ಮುದುಕಿ ಅಕ್ಕಿ ಆರಿಸುತ್ತಿದ್ದಳು.

"ಅಜ್ಜಿ, ನೀರು ಬಿಡ್ತಾರೆ. ಎಲ್ಲರೂ ಗುಡ್ಡ ಹತ್ತಬೇಕು."

"ಮೊಬೈಲಿಗೇನೂ ಬಂದಿಲ್ಲವಲ್ಲವ್ವಾ."

"ಬರಲ್ಲ ಅಂತಲೇ ನಾನು ಬಂದಿದ್ದು."

ಮುದುಕಿ ಅವಳ ಮುಖವನ್ನೊಮ್ಮೆ ನೋಡಿದಳು. ಮೊರ ಕೆಳಗಿಟ್ಟು, ತಟ್ಟೆ ಬಡಿಯುತ್ತ ಬೀದಿಗಿಳಿದಳು. ಜನ, ದನ, ಕೈಗೆ ಸಿಕ್ಕ ಪಾತ್ರೆಪಗಡ ಗುಡ್ಡ ಸೇರಿದವು. ಕತ್ತಲಾಗುವ ಮುನ್ನ ಊರು ಮುಳುಗಿತು. ಜೀವ ಒಂದೂ ಹೋಗಲಿಲ್ಲ.

ನೀರಿಳಿದ ಮೇಲೆ ಮಹಾರಾಜರು ಸಭೆ ಕರೆದರು. "ಒಬ್ಬರೂ ಸತ್ತಿಲ್ಲ. ಅಂದಮೇಲೆ ಸಂದೇಶ ತಲುಪಿದೆ," ಎಂದು ಅಪ್ಪಣೆ ಕೊಡಿಸಿದರು. ಸ್ತುತಿಸಾಗರರ ತಲೆಗೆ 'ಸಂದೇಶ ಸಾರ್ವಭೌಮ'ನ ಕಿರೀಟವೇರಿತು. ಚೆಲುವಾಂಬೆಯನ್ನು ಪರವಾನಗಿಯಿಲ್ಲದೆ ಎಚ್ಚರಿಸಿದ್ದಕ್ಕಾಗಿ ಕೆಲಸದಿಂದ ತೆಗೆದರು. ತಗ್ಗಿನಕೊಪ್ಪದವರು ಸಂದೇಶ ಸೇವೆಯ ಪೂರ್ಣ ಪ್ರಯೋಜನ ಪಡೆದಿದ್ದರಿಂದ ಮನೆಗೊಂದರಂತೆ ಬಳಕೆದಾರರ ಕರ ಬಿತ್ತು. ಮನೆಯೇ ಉಳಿಯದವರು ಕಂತಿನಲ್ಲಿ ಕಟ್ಟಬಹುದೆಂದು ಮಹಾರಾಜರು ದಯಪಾಲಿಸಿದರು.