ಅಕ್ಕನ ಸೋಲೋ ಹಾಲಿಡೇ

ನನ್ನ ಓರಗಿತ್ತಿ ಒಬ್ಬರೇ ಎಲ್ಲಿಗಾದರೂ ಹೊರಟರೆಂದರೆ ಕೆಲಮಂಗಲದಲ್ಲಿ ಒಂದು ಟೆಂಪೋ ಟ್ರಾವೆಲರ್ ಬುಕ್ ಆಗುತ್ತದೆ. ನಗಬೇಡಿ, ಇದು ಲಿಟರಲೀ ನಿಜ! ಓರಗಿತ್ತಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಬೆಂಗಳೂರಿನ ಕಾನ್ವೆಂಟಿನಲ್ಲಿ ‘ಎಕ್ಸ್‌ಕ್ಯೂಸ್ ಮಿ’ ಕಲಿತು ಕೆಲಮಂಗಲದ ಆ ಮನೆಗೆ ಸೊಸೆಯಾಗಿ ಹೋದ ನನಗೆ ಮುದ್ದೆ ತೊಳಸುವುದನ್ನು ಕಲಿಸಿದವರು ಅವರು. ನನ್ನ ಮೊದಲ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ, ಇದು ತಿನ್ನೋದಾ ಗೋಡೆಗೆ ಮೆತ್ತೋದಾ ಎಂದು ಕೇಳಿದವರೂ ಅವರೇ.

ಒಬ್ಬರೇ ಹೋಗುವ ಹುಳವನ್ನು ಅವರ ತಲೆಗೆ ಬಿಟ್ಟವಳು ಮಾತ್ರ ನಾನು. ಹೊಸೂರಿನ ನನ್ನ ಮನೆಗೆ ಬಂದಿದ್ದಾಗ ಫೋನಿನಲ್ಲಿ ಹಳೇ ಗೋವಾದ ಕ್ಯಾಥೆಡ್ರಲ್ಲಿನ ಫೋಟೋ ತೋರಿಸಿದೆ. ಎಷ್ಟು ಹಿಸ್ಟರಿ, ಎಂಥ ಆರ್ಕಿಟೆಕ್ಚರ್, ಬಂಗಾರದ ಬಣ್ಣದ ಆಲ್ಟರ್! ಅಕ್ಕ ಅದ್ಯಾವುದನ್ನೂ ನೋಡಲಿಲ್ಲ. ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ಬೆಂಚುಗಳನ್ನೇ ನೋಡಿದರು.

“ಇಷ್ಟೊಂದು ಬೆಂಚು ಹಾಕವ್ರೆ, ಒಬ್ರೂ ಕೂತಿಲ್ವಲ್ಲ ಕಣಮ್ಮಿ.”

“ಮಾಸ್ ಟೈಮ್ ಅಲ್ಲ ಅಕ್ಕ, ಅದಕ್ಕೆ.”

“ಹೋಗಿ ಕೂತ್ಕಂಡ್ರೆ ಎಬ್ಬಿಸ್ತಾರಾ?”

“ಇಲ್ಲ.”

“ಏನಾರ ಕೇಳ್ತಾರಾ?”

“ಯಾರೂ ಏನೂ ಕೇಳಲ್ಲ.”

“ಹಂಗಾರೆ ಒಂದ್ವಾರ ಇದ್ಬುಟ್ಟು ಬತ್ತೀನಿ. ಒಬ್ಳೇ.”

ಆ ‘ಒಬ್ಳೇ’ಯ ತೂಕ ಅವರ ಮನೆ ನೋಡಿದವರಿಗೆ ಮಾತ್ರ ಗೊತ್ತು. ಇಬ್ಬರು ಮಕ್ಕಳು, ಇಬ್ಬರು ಸೊಸೆಯರು, ಮೊಮ್ಮಕ್ಕಳ ಒಂದು ಕ್ರಿಕೆಟ್ ಟೀಮು, ಎರಡು ಸೀಮೆಹಸು, ಹಾಲಿಗೆ ಬರುವವರು, ಮೊಸರಿಗೆ ಬರುವವರು, ಸುಮ್ಮನೆ ಬರುವವರು. ಅಕ್ಕ ಕೂತರೆ ಸಾಕು, ಎಲ್ಲಿಂದಲೋ ಒಂದು ‘ಅಮ್ಮಾ’ ಏಳುತ್ತದೆ. ಬಚ್ಚಲ ಬಾಗಿಲ ಮುಂದೆ ನಿಂತು ಜೀರಿಗೆ ಡಬ್ಬಿ ಎಲ್ಲಿದೆ ಎಂದು ಕೇಳುವ ಮನೆ ಅದು! ಮದುವೆಯಾದ ಲಾಗಾಯ್ತಿನಿಂದ ಅಕ್ಕ ಒಂದು ರಾತ್ರಿಯೂ ಒಂದು ಕೋಣೆಯಲ್ಲಿ ಒಬ್ಬರೇ ಮಲಗಿದವರಲ್ಲ. ಮಂಡಿ ಬೇರೆ ಸವೆಯುತ್ತಿದೆ. ಈ ವರ್ಷ ಹೋಗದಿದ್ದರೆ ಇನ್ನು ಹೋಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸರಿ, ಪ್ಲಾನಿಂಗ್ ಶುರುವಾಯಿತು. ಬೆಳಕು ಹರಿಯುವ ಮೊದಲೇ ಫೋನು. ಅಲ್ಲಿ ರಾಗಿಹಿಟ್ಟು ಸಿಗುತ್ತದಾ? ಹಣೆಗೆ ಕುಂಕುಮ ಇದ್ದರೆ ಒಳಗೆ ಬಿಡುತ್ತಾರಾ? ಸಮುದ್ರ ರಾತ್ರಿ ಹೊತ್ತು ಊರೊಳಗೆ ಬರುತ್ತದಾ? ಇಟ್ಟ ಫೋನಿನಿಂದ ಕೈ ತೆಗೆಯುವಷ್ಟರಲ್ಲಿ ಮತ್ತೆ ರಿಂಗು. ನಾನು ಹಾಕಿಕೊಟ್ಟ ಇಟಿನರರಿಯಲ್ಲಿ ಮ್ಯೂಸಿಯಂ, ನದಿಯ ದೋಣಿ ಎಲ್ಲ ಇತ್ತು. ಅಕ್ಕ ಅದನ್ನು ಕೇಳಿ, ಇಷ್ಟೆಲ್ಲ ಓಡಾಡೋಕೆ ಕೆಲಮಂಗಲ ಸಾಲದಾ ಎಂದರು. ಆದರೂ ಮನಸ್ಸು ಒಂದು ಕಡೆ ನಿಲ್ಲದು. ಬ್ಯಾಗು ತುಂಬುವುದು, ಬಿಚ್ಚುವುದು, ಮತ್ತೆ ತುಂಬುವುದು.

ಮೊದಲು ರಿಹರ್ಸಲ್. ಒಬ್ಬರೇ ಬಸ್ಸು ಹತ್ತಿ ಹೊಸೂರಿಗೆ ಬಂದು, ಒಬ್ಬರೇ ಹೋಟೆಲಿನಲ್ಲಿ ಕೂತು ದೋಸೆ ತಿಂದು ಹೋಗಬೇಕು. ಬೆಸ್ಟ್ ಐಡಿಯಾ! ಮಧ್ಯಾಹ್ನ ನಾನು ಹೋಟೆಲಿನಲ್ಲಿ ಇಣುಕಿದರೆ ಅಕ್ಕನ ತೊಡೆಯ ಮೇಲೆ ಬಾಗಲೂರಿನ ಯಾರದೋ ಮಗು. ಅದರ ತಾಯಿ ಎದುರಿಗೆ ಕೂತು ಅಕ್ಕನ ದೋಸೆ ತಿನ್ನುತ್ತಿದ್ದಾಳೆ! ಪಾಪ, ಮಗು ಬಿಡಲ್ಲ ಅಂತ ಹಸ್ಕೊಂಡಿದ್ಲು ಎಂದರು ಅಕ್ಕ.

ಇದನ್ನು ಫೇಲ್ ಎನ್ನೋಣ. ಮುಂದಿನದ್ದು ಡಿಸಾಸ್ಟರ್.

ನಮ್ಮ ಕಡೆ ಒಂದು ಪದ್ಧತಿ. ದೂರದ ಊರಿಗೆ ಹೊರಟವರು ಬೀದಿಯ ಮನೆಮನೆಗೂ ಹೋಗಿ ಹೇಳಬೇಕು, ಹೇಳಿ ‘ನೀವೂ ಬನ್ನಿ’ ಎನ್ನಬೇಕು. ಹೇಳದೆ ಹೋದರೆ ಸೊಸೆಯ ಜೊತೆ ಜಗಳವಾಡಿ ಹೋದರು ಎಂದು ಸಂಜೆಯೊಳಗೆ ಸುದ್ದಿ. ಕರೆಸಿಕೊಂಡವರು ‘ಈ ಸಲ ನೀವು ಹೋಗ್ಬನ್ನಿ’ ಅನ್ನಬೇಕು. ಅದು ಎಟಿಕೆಟ್! ಅಕ್ಕ ಪದ್ಧತಿಯಂತೆ ಕರೆದರು. ಎದುರುಮನೆಯ ತಮಿಳು ಮೇಷ್ಟರ ಹೆಂಡತಿ ಮಾತ್ರ ಪದ್ಧತಿ ಮರೆತು “ಸರಿ ಅಕ್ಕಾ, ಎಪ್ಪೋ ಕಿಳಂಬಲಾಂ?” ಎಂದುಬಿಟ್ಟರು, ಯಾವಾಗ ಹೊರಡೋಣ ಅಂತ. ಅವರು ಬಂದರೆ ನಾವೇಕೆ ಬಾರದು ಎಂದು ಪಕ್ಕದವರು. ಉದ್ದನಪಲ್ಲಿಯ ಬೀಗರಿಗೂ ಸುದ್ದಿ ಹೋಯಿತು. ಟೆಂಪೋ ಬಂತು, ಎಲ್ಲಿಗೆ ಹೋಗುವುದೆಂದು ಬಾಗಿಲ ಮುಂದೆಯೇ ಓಟು ಬಿತ್ತು, ಗೋವಾ ದೂರವಾಯಿತು, ತಿರುಪತಿ ಹತ್ತಿರವಾಯಿತು. ಕ್ಯಾಥೆಡ್ರಲ್ಲಿಗೆ ಹೊರಟವರು ಮುಡಿ ಕೊಟ್ಟು ಬಂದರು!

ಗುಂಡು ತಲೆಗೆ ಸೆರಗು ಹೊದ್ದು ಅಕ್ಕ ನಮ್ಮ ಮನೆಗೆ ಬಂದಾಗ ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ. ತಿರುಗಿ ಬಂದರೆ ಅವರು ಕಿಟಕಿಯ ಹತ್ತಿರ ನಿಂತಿದ್ದರು. ಕೂರಿ ಅಕ್ಕ ಎಂದೆ. ಕೂರಲಿಲ್ಲ.

“ದೇವ್ರು ಒಳ್ಳೇವ್ನೇ ಕಣಮ್ಮಿ. ಆದ್ರೆ ಅಲ್ಲೂ ತಳ್ಳುದ್ರು. ಇವ್ರ ಚಪ್ಲಿ ಕಾಯ್ದೆ, ಅವ್ರ ಮಗೀನ ಹಿಡ್ಕಂಡೆ.”

ನನ್ನ ನಗು ಎಲ್ಲಿ ಹೋಯಿತೋ.

ಎರಡನೇ ಸಲ ತಲೆ ಓಡಿಸಿದವರು ಅಕ್ಕನೇ. ಹರಕೆ! ಗೋವಾದ ಚರ್ಚಿನ ಮಾತೆಗೆ ಒಬ್ಬಳೇ ಬರುತ್ತೇನೆಂದು ಹರಕೆ ಹೊತ್ತಿದ್ದೇನೆ ಅಂದರೆ ಯಾರು ಜೊತೆಗೆ ಬಂದಾರು? ಹರಕೆ ಕೆಡಿಸುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗಿದೆ? ಮಾತೆ ಕಿರಿಸ್ತಾನರವಳು ಎಂಬ ತಕರಾರೂ ಇಲ್ಲ. ವೇಳಾಂಗಣ್ಣಿ ಮಾತೆಗೆ ನಡೆದುಕೊಳ್ಳುವ ಮನೆಗಳು ಅಕ್ಕನ ಬೀದಿಯಲ್ಲೇ ಉಂಟು. ಆದರೆ ಸುಳ್ಳು ಹೇಳುವುದು ಅಕ್ಕನಿಂದ ಆಗದ ಕೆಲಸ. ಆದ್ದರಿಂದ ಮೊದಲು ತಲೆಗೆ ನೀರು ಹಾಕಿಕೊಂಡು, ದೀಪ ಹಚ್ಚಿ, ನಿಜವಾಗಿಯೇ ಹರಕೆ ಹೊತ್ತು, ಆಮೇಲೆ ಬೀದಿಗೆ ಹೇಳಿದರು. ಹೌ ಆನೆಸ್ಟ್!

ದೊಡ್ಡ ಮಗ ಗೊಣಗಿದ. ಒಬ್ಬಳೇ ಹೋಗೋ ಅಂಥದ್ದು ಇಲ್ಲಿ ಏನ್ ಕಮ್ಮಿಯಾಗಿದೆ ಎಂದ.

“ಕಮ್ಮಿ ಏನೂ ಇಲ್ಲ ಕಣ್ಲಾ. ಎಲ್ಲಾ ಜಾಸ್ತೀನೇ ಐತೆ,” ಎಂದರು ಅಕ್ಕ.

ಜನ ಜೊತೆಗೆ ಬರಲಿಲ್ಲ, ನಿಜ. ತಮ್ಮ ತಮ್ಮ ಹರಕೆ ಕಳಿಸಿದರು! ಮೇಷ್ಟರ ಹೆಂಡತಿಯ ಮಗಳಿಗೆ ಗಂಡು, ಪಕ್ಕದವರ ಬೋರಿಗೆ ನೀರು, ಸೊಸೆಯ ತಮ್ಮನಿಗೆ ಫ್ಯಾಕ್ಟರಿಯಲ್ಲಿ ಪರ್ಮನೆಂಟು, ಉದ್ದನಪಲ್ಲಿಯ ಬೀಗರ ಸಕ್ಕರೆ ಕಾಯಿಲೆ. ಅರಿಶಿನದ ಬಟ್ಟೆಯ ಗಂಟುಗಳು, ಮೇಣದ ಬತ್ತಿಯ ಕಟ್ಟುಗಳು, ಕ್ಯಾಥೆಡ್ರಲ್ಲಿನಲ್ಲಿ ಒಡೆಯಲು ತೆಂಗಿನಕಾಯಿ! ಅಲ್ಲಿ ಕಾಯಿ ಒಡೆಯುವ ಹಾಗಿಲ್ಲ ಅಂತ ನಾನು ಹೇಳಿದರೆ, ಒಡೆಯದಿದ್ದರೆ ಇಟ್ಟು ಬರಲಿ ಎಂದರು. ಬೆಂಗಳೂರಿನ ಸ್ಟೇಷನ್ನಿನಲ್ಲಿ ಬ್ಯಾಗು ಎತ್ತಲು ನಾವಿಬ್ಬರೂ ಸೇರಬೇಕಾಯಿತು. ಇಡೀ ಬೀದಿಯನ್ನು ಹೊತ್ತುಕೊಂಡು ನಮ್ಮ ಅಕ್ಕ ಒಬ್ಬರೇ ಹೊರಟರು.

ಕ್ಯಾಥೆಡ್ರಲ್ಲಿನ ಹತ್ತಿರ ಸಿಸ್ಟರುಗಳು ನಡೆಸುವ ಗೆಸ್ಟ್ ಹೌಸಿನಲ್ಲಿ ಕೋಣೆ ಹೇಳಿಟ್ಟಿದ್ದೆ. ಹೋದವರ ಫೋನಿಲ್ಲ. ಈಗ ಚಡಪಡಿಸುವ ಸರದಿ ನನ್ನದು. ಅಲ್ಲಿಯೂ ಯಾರದೋ ಮಗು ಹಿಡಿದು ಕೂತರೇನು? ಸಿಸ್ಟರುಗಳ ಅಡುಗೆಮನೆಗೆ ನುಗ್ಗಿದರೇನು? ಕೊನೆಗೆ ನಾನೇ ಮಾಡಿದೆ. ಬಹಳ ಹೊತ್ತು ರಿಂಗಾಗಿ ಎತ್ತಿದರು. ಹಿಂದೆ ಯಾವ ಸದ್ದೂ ಇರಲಿಲ್ಲ. ಅವರ ದನಿ ಇಷ್ಟು ಮೆತ್ತಗಿರಬಲ್ಲದು ಎಂದು ನನಗೆ ಗೊತ್ತೇ ಇರಲಿಲ್ಲ.

“ಎಲ್ಲಾರ್ದೂ ಹೇಳ್ಬುಟ್ಟೆ ಕಣಮ್ಮಿ. ಬಂದ ದಿನವೇ. ಒಂದೂ ಬಿಡ್ಲಿಲ್ಲ.”

“ನಿಮ್ಮದು ಏನು ಕೇಳಿಕೊಂಡ್ರಿ ಅಕ್ಕ?”



“ಅದೇ ಹೊಳೀತಿಲ್ಲ. ದಿನಾ ಬಂದು ಈ ಬೆಂಚ್ ಮ್ಯಾಲೆ ಕೂತ್ಕತೀನಿ, ಏನ್ ಕೇಳ್ಬೇಕೂ ಅಂತ್ಲೇ ತೋಚಲ್ಲ.”

ಹಾಗಾದರೆ ಬೇಗ ಬಂದುಬಿಡುತ್ತೀರಾ ಎಂದು ಕೇಳಿದೆ, ಸಿಲ್ಲಿ ಹೆಂಗಸು ನಾನು.

“ಯಾಕ್ ಬರ್ಲಿ?” ಎಂದರು ಅಕ್ಕ. “ಹೊಳೆಯೋಗಂಟ ಕೂತಿರ್ತೀನಿ.”