ಮೂರೂವರೆ ಮಹಡಿಯ ದಕ್ಷತೆ

ಲಿಫ್ಟುಗಳಿಗೆ ಸಾಫ್ಟ್‌ವೇರ್ ಬರೆಯುವ ಆ ಸಂಸ್ಥೆಯಲ್ಲಿ, ಅಗತ್ಯವೇ ಎಂದು ಪರಿಶೀಲಿಸದೆ ಯಾವ ಕೆಲಸವನ್ನೂ ಮಾಡುವಂತಿಲ್ಲ. ಯಾರಾದರೂ ಒಂದು ಸಾಲು ತಿದ್ದಿದರೂ ಸಾಕು, ತಿದ್ದಿದ ಸಾಫ್ಟ್‌ವೇರನ್ನು ಜೋಡಿಸಿ ಲಿಫ್ಟಿಗೆ ಕಳಿಸುವ 'ಬಿಲ್ಡ್' ಯಂತ್ರವು ಸಂಸ್ಥೆ ಹುಟ್ಟಿದಂದಿನಿಂದ ಸೇರಿದ ಅಷ್ಟೂ ಕೆಲಸಗಳನ್ನು ಮೊದಲಿನಿಂದ ಓದಿ, ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಎಂದು ಮೌಲ್ಯಮಾಪನ ನಡೆಸುತ್ತಿತ್ತು. ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ಮಾಡಬೇಕೋ ಬೇಡವೋ ಎಂಬುದಕ್ಕೆ ಮಾತ್ರ ಮಧ್ಯಾಹ್ನ ಕಳೆಯುತ್ತಿತ್ತು.

ಯಂತ್ರ ನೋಡಿಕೊಳ್ಳುವವಳನ್ನು ಎಲ್ಲರೂ ಬಿಲ್ಡಕ್ಕ ಎನ್ನುತ್ತಿದ್ದರು. "ಬದಲಾಗದ್ದನ್ನ ಮತ್ತೆ ಮತ್ತೆ ಯಾಕೆ ಓದಿಸ್ಬೇಕು ಸರ್? ಹೋದ ಸಲದ್ದು ನೆನಪಿಟ್ಕೊಳ್ಳಲಿ," ಎಂದು ಅವಳು ಮ್ಯಾನೇಜರ್‌ಗೆ ಹೇಳಿ ನೋಡಿದಳು. ಅವರು ತಮ್ಮದೇ ಸುಧಾರಣೆ ತಂದರು: ಮೌಲ್ಯಮಾಪನದ ನಡುವೆ ಹೊಸ ಕೆಲಸ ಬಂದರೆ, ಅದಕ್ಕೆ ಬೇಜಾರಾಗದಂತೆ, ಎಲ್ಲವನ್ನೂ ಮೊದಲಿನಿಂದ ಆರಂಭಿಸತಕ್ಕದ್ದು. ಮೌಲ್ಯಮಾಪನಗಳ ಸಂಖ್ಯೆ ಗಗನಕ್ಕೇರಿತು. ಮ್ಯಾನೇಜರ್‌ಗೆ ದಕ್ಷತಾ ಶೀಲ್ಡ್ ಬಂತು.

ಆ ಶೀಲ್ಡನ್ನು ಎದೆಗವಚಿಕೊಂಡು ಅವರು ಮೇಲೆ ಹೋಗುವಾಗಲೇ, ಸಂಸ್ಥೆಯದೇ ಸಾಫ್ಟ್‌ವೇರ್ ಓಡಿಸುವ ಲಿಫ್ಟ್ ಮೂರನೇ ಮತ್ತು ನಾಲ್ಕನೇ ಮಹಡಿಗಳ ನಡುವೆ ಗಕ್ಕನೆ ನಿಂತಿತು. ಬಾಗಿಲು ಗೇಣಗಲ ತೆರೆದುಕೊಂಡಿತು. ಮೂರನೇ ಮಹಡಿಯವರಿಗೆ ಅವರ ಬೂಟುಗಳು ಕಂಡವು.

ಬಿಲ್ಡಕ್ಕ ತಪ್ಪು ಹುಡುಕಿ, ಒಂದು ಸಾಲು ತಿದ್ದಿ, ಯಂತ್ರಕ್ಕೊಪ್ಪಿಸಿ ಓಡಿಬಂದಳು.

"ತಿದ್ದಾಯ್ತು ಸರ್. ನೀವು ಹೂಂ ಅಂದ್ರೆ ಮೌಲ್ಯಮಾಪನ ತಪ್ಪಿಸಿ ಈಗಲೇ ಲಿಫ್ಟಿಗೆ ಹಾಕ್ತೀನಿ."

"ನನ್ನ ನಿಯಮ ನಾನೇ ಮುರೀಲಾ?" ಎಂದವು ಬೂಟುಗಳು. "ಹೊಟ್ಟೆ ಚುರುಗುಟ್ತಿದೆ, ಅದು ಬೇರೆ ಮಾತು. ಬೇಗ ಮುಗಿಯುತ್ತೆ ತಾನೆ?"

"ಮುಗೀತಿತ್ತು ಸರ್. ಆದ್ರೆ ನಿಮ್ಮನ್ನ ಬಿಡಿಸೋಕೆ ಅಂತ ಒಂದೊಂದು ವಿಭಾಗದವರೂ ಒಂದೊಂದು ತುರ್ತು ಕೆಲಸ ಸೇರಿಸ್ತಿದ್ದಾರೆ. ಪ್ರತಿ ಸಲ ಮೊದಲಿನಿಂದ ಶುರುವಾಗ್ತಿದೆ."

"ಎಂಥಾ ಕಾಳಜಿ!" ಬೂಟುಗಳು ಗದ್ಗದಿತವಾದವು.

ಅಷ್ಟರಲ್ಲಿ ಅವರ ಹೆಂಡತಿ ಬಂದು, ಸ್ಟೂಲ್ ಹತ್ತಿ, ಊಟದ ಡಬ್ಬಿಯನ್ನು ಸಂದಿಯೊಳಗೆ ತೂರಿಸಿದರು. "ರೀ, ರಾತ್ರಿಗಾದ್ರೂ ಮನೆಗೆ ಬರ್ತೀರೋ ಇಲ್ವೋ?"

"ಅದರದ್ದೇ ಮೌಲ್ಯಮಾಪನ ನಡೀತಿದೆ ಕಣೇ."

ಸಂಜೆ ವಿಭಾಗದವರೆಲ್ಲ ಮನೆಗೆ ಹೋಗಿ, ಹೊಸ ಕೆಲಸ ಬರುವುದು ನಿಂತ ಮೇಲೆ ಫಲಿತಾಂಶ ಬಂತು. ಬಿಲ್ಡಕ್ಕ ಗಟ್ಟಿಯಾಗಿ ಓದಿದಳು: "ಮೌಲ್ಯಮಾಪನದ ಅವಧಿಯಲ್ಲಿ ಸದರಿ ಲಿಫ್ಟ್ ಎಲ್ಲಿಗೂ ಹೊರಟೇ ಇಲ್ಲವಾದ್ದರಿಂದ, ದಾರಿಯಲ್ಲಿ ಕೆಟ್ಟು ನಿಂತ ಪ್ರಸಂಗ ಒಂದೂ ಇರುವುದಿಲ್ಲ. ದುರಸ್ತಿ ಅನಗತ್ಯ. ಕೆಲಸವನ್ನು ಕೈಬಿಡಲಾಗಿದೆ."

ಬೂಟುಗಳು ಸಂದಿಯ ಅಂಚಿಗೆ ಸರಿದವು.

"ನೋಡಿದ್ರಾ ಬಿಲ್ಡಕ್ಕ," ಮೇಲಿನಿಂದ ದನಿ ಬಂತು, "ಒಂದು ಬಿಲ್ಡ್ ಉಳೀತು!"

ಮರುದಿನ ಸುತ್ತೋಲೆ ಹೊರಟಿತು: ಮಾನ್ಯ ಮ್ಯಾನೇಜರರ ಕೊಠಡಿ ಇನ್ನುಮುಂದೆ ಮೂರೂವರೆ ಮಹಡಿಯಲ್ಲಿರುತ್ತದೆ, ಭೇಟಿಗೆ ಬರುವವರು ಸ್ಟೂಲನ್ನು ತಾವೇ ತರತಕ್ಕದ್ದು. ಯಾರೂ ತಕರಾರು ತೆಗೆಯಲಿಲ್ಲ. ಬಿಲ್ಡಕ್ಕ ಈಗ ಮೆಟ್ಟಿಲು ಹತ್ತಿಯೇ ಬರುತ್ತಾಳೆ, ದಾರಿಯಲ್ಲಿ ಬೂಟುಗಳಿಗೆ ನಮಸ್ಕಾರ ಹೇಳುತ್ತಾಳೆ. ಅವಕ್ಕೆ ಪಾಲಿಶ್ ಬೇಕೇ ಎಂಬುದು ಮೌಲ್ಯಮಾಪನದಲ್ಲಿದೆ.