ಬೋಳು ತಲೆಯ ಸತ್ಯವಂತ ಮತ್ತು ಅವನ ತಮ್ಮ

2016ರ ಫೆಬ್ರವರಿಯ ಒಂದು ಭಾನುವಾರ, ಬೆಳಗ್ಗೆ ಆರೂವರೆ. ಸ್ಥಳ, ಯಲಹಂಕ ನ್ಯೂ ಟೌನಿನ ನಮ್ಮ ಮನೆಯ ಹಜಾರ. ಹಾಜರಿದ್ದವರು: ನಾನು, ಮಹಡಿಯಲ್ಲಿ ವಾಸವಿರುವ ನನ್ನ ತಂಗಿ ಸರೋಜ, ಪಕ್ಕದ ಮನೆಯ ಮುನಿರಾಜಪ್ಪ. ಮುನಿರಾಜಪ್ಪನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಕವರಿನಲ್ಲಿ ಕೂದಲು ಇತ್ತು.

ಕೂದಲಿನ ವಿಷಯಕ್ಕೆ ಬರುವ ಮೊದಲು ತಲೆಯ ವಿಷಯ ಹೇಳಬೇಕು.

ನಾನು ಹೈಸ್ಕೂಲಿನ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನು. ಬೆಳಗ್ಗೆ ಐದಕ್ಕೆ ಏಳುತ್ತೇನೆ, ರಾತ್ರಿ ಒಂಬತ್ತಕ್ಕೆ ಮಲಗುತ್ತೇನೆ. ನಡುವೆ ನಡೆಯುವುದೆಲ್ಲ ವೇಳಾಪಟ್ಟಿಯ ಪ್ರಕಾರ. ಈಗಲೂ ಕುಕ್ಕರ್ ವಿಷಲ್ ಹೊಡೆದರೆ ನನ್ನ ಎದೆ ತಾನಾಗಿ ಮುಂದೆ ಬರುತ್ತದೆ, ಹಿಮ್ಮಡಿಗಳು ತಾವಾಗಿ ಜೋಡಿಯಾಗುತ್ತವೆ. ಹೆಂಡತಿ ತೀರಿಕೊಂಡ ಮೇಲೆ ನನ್ನ ಶಿಸ್ತಿನ ಆಡಳಿತಕ್ಕೆ ಉಳಿದಿದ್ದ ಏಕೈಕ ಪ್ರಜೆ ಸರೋಜ. ಅವಳೇ ಒಂದು ದಿನ ಬೇಸತ್ತು, ಐವತ್ತು ದಾಟಿದವರಿಗೆ ಜೊತೆ ಹುಡುಕಿಕೊಡುವ ಒಂದು ವೆಬ್‌ಸೈಟನ್ನು ನನ್ನ ಮುಂದೆ ತೆರೆದಿಟ್ಟಳು. ನನ್ನನ್ನು ಸಾಗಹಾಕುವುದಕ್ಕೆ ಅಷ್ಟು ಉತ್ಸಾಹ ತೋರಿಸಿದವರನ್ನು ನಾನು ಬೇರೆ ಕಂಡಿಲ್ಲ.

ಅಲ್ಲಿ ನಮ್ಮ ವಯಸ್ಸಿನ ಗಂಡಸರು ತಮ್ಮ ಬಗ್ಗೆ ಬರೆದುಕೊಂಡಿದ್ದನ್ನು ಓದಿ ನನಗೆ ಜುಗುಪ್ಸೆಯಾಯಿತು. ಎಲ್ಲರೂ ಎತ್ತರ, ಎಲ್ಲರೂ ಕಟ್ಟುಮಸ್ತು, ಎಲ್ಲರ ಕಣ್ಣಿಗೂ ಕೂಲಿಂಗ್ ಗ್ಲಾಸು. ವಯಸ್ಸು ಐವತ್ತೆರಡು ಎಂದಿದ್ದ ಒಬ್ಬರ ಫೋಟೋ ಕಪ್ಪುಬಿಳುಪಿನದು! ಈ ಸುಳ್ಳಿನ ಸಂತೆಯಲ್ಲಿ ಒಬ್ಬನಾದರೂ ನೆಟ್ಟಗೆ ನಿಲ್ಲಬೇಕೆಂದು ನಾನು ತೀರ್ಮಾನಿಸಿದೆ. ಶಾಲೆಯ ಇಂಚು ಟೇಪು ಹುಡುಕಿ, ಸರೋಜಳ ಸಮಕ್ಷಮದಲ್ಲಿ ಅಳತೆ ತೆಗೆದು, ನನ್ನ ಪ್ರೊಫೈಲನ್ನು ನಾನೇ ಬರೆದೆ.

"ಎತ್ತರ: ಐದಡಿ ನಾಲ್ಕು. ತಲೆ: ಬೋಳು. ಹಿಂಭಾಗದಲ್ಲಿ ಸ್ವಲ್ಪ ಕೂದಲಿದೆ, ಗಣನೆಗೆ ತೆಗೆದುಕೊಳ್ಳುವಂಥದ್ದಲ್ಲ. ಹೊಟ್ಟೆ: ಇದೆ. ಹಲ್ಲು: ಮುಂದಿನ ಎರಡು ನನ್ನವಲ್ಲ. ಒಡಹುಟ್ಟಿದವರು: ತಂಗಿ ಒಬ್ಬಳೇ. ಸ್ವಭಾವ: ಸತ್ಯವಂತ."

ಫೋಟೋಗಳು ಮೂರು. ಮುಂದಿನಿಂದ ಒಂದು, ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು.

"ಇದನ್ನ ಮದುವೆಗೆ ಕಳಿಸ್ತಿದೀಯೋ, ಪೊಲೀಸ್ ಸ್ಟೇಷನ್‌ಗೋ?" ಎಂದು ಸರೋಜ ಕೇಳಿದಳು.

ಮೂರು ತಿಂಗಳು ಯಾರೂ ಈ ಸತ್ಯವಂತನ ಕಡೆ ತಿರುಗಿ ನೋಡಲಿಲ್ಲ. ಸತ್ಯಕ್ಕೆ ಗಿರಾಕಿ ಕಡಿಮೆ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿರುವಾಗ ಶಶಿಕಲಾ ಅವರ ಸಂದೇಶ ಬಂತು. ಧಾರವಾಡದ ಕಡೆಯವರು. ಹೆಬ್ಬಾಳದ ಹತ್ತಿರ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ನನ್ನ ಹಾಗೆಯೇ ಒಂಟಿ. ನನ್ನ ಹಲ್ಲಿನ ಸಾಲನ್ನು ಓದಿ ಬಹಳ ಹೊತ್ತು ನಕ್ಕರಂತೆ. ಅದಕ್ಕೆ ಮುಂಚೆ ಅವರು ಇಬ್ಬರು ಗಂಡಸರನ್ನು ಭೇಟಿಯಾಗಿ ಮೋಸಹೋಗಿದ್ದರು. ಒಬ್ಬರ ಫೋಟೋದಲ್ಲಿದ್ದದ್ದು ಅವರ ಮಗ. ಇನ್ನೊಬ್ಬರು ಆರಡಿ ಎಂದು ಹೇಳಿಕೊಂಡು, ದಪ್ಪ ಹಿಮ್ಮಡಿಯ ಬೂಟು ಹಾಕಿಕೊಂಡು ಬಂದಿದ್ದರು. ಅಂದಿನಿಂದ ಶಶಿಕಲಾ ಯಾರನ್ನೇ ಆದರೂ ಮೊದಲು ನೋಡುವುದು ದೇವಸ್ಥಾನದಲ್ಲಿ. ಅಲ್ಲಿ ಪಾದರಕ್ಷೆ ಹೊರಗೆ ಬಿಡಲೇಬೇಕು. ಎತ್ತರದ ನಿಜ ತಾನಾಗಿ ಹೊರಗೆ ಬರುತ್ತದೆ!

ನಮ್ಮ ನಡುವೆ ಫೋನಿನಲ್ಲಿ ಮಾತು ಬೆಳೆಯಿತು. ಅವರೂ ಐದಕ್ಕೆ ಏಳುವವರು. ನಾನು "ಎದ್ದೆ" ಎಂದು ಸಂದೇಶ ಕಳಿಸಿದರೆ ಮರುಕ್ಷಣವೇ "ನಾನೂ" ಎಂದು ಬರುತ್ತಿತ್ತು. ನನ್ನ ಸೇವಾವಧಿಯಲ್ಲಿ ಸಾವಿರಾರು ಮಕ್ಕಳನ್ನು ಬೆಳಗ್ಗೆ ಎಬ್ಬಿಸಿದ್ದೇನೆ. ಯಾರೂ ಸಂತೋಷದಿಂದ ಎದ್ದಿರಲಿಲ್ಲ. ಆ ಎರಡಕ್ಷರದ "ನಾನೂ" ಬರುವುದು ಒಂದು ದಿನ ತಡವಾದರೂ ನನ್ನ ಕಾಫಿ ರುಚಿಸುತ್ತಿರಲಿಲ್ಲ.

ಭಾನುವಾರ ಎಂಟಕ್ಕೆ ಅಲ್ಲಾಳಸಂದ್ರದ ಹತ್ತಿರದ ವೆಂಕಟರಮಣನ ಗುಡಿಯಲ್ಲಿ ಭೇಟಿ ಎಂದಾಯಿತು. "ನೀವೂ ಸುಳ್ಳಾದ್ರ, ನಾ ಈ ಉಸಾಬರೀನ ಬಿಟ್ಟು ಬಿಡ್ತೀನ್ರಿ ಮತ್ತ," ಎಂದರು ಶಶಿಕಲಾ. "ನನ್ನ ಬಗ್ಗೆ ಆ ಆತಂಕವೇ ಬೇಡ," ಎಂದೆ ನಾನು, ಎದೆಯುಬ್ಬಿಸಿ.

ಶನಿವಾರ ಅವರು ತಮ್ಮ ಹೊಸ ಫೋಟೋ ಕಳಿಸಿದರು. ಬೆಳ್ಳಿಯಂಥ ಬಿಳಿ ಕೂದಲು, ಸೊಂಟದವರೆಗೆ ಇಳಿಬಿಟ್ಟ ದಪ್ಪ ಜಡೆ. ಆ ಜಡೆಯ ಪಕ್ಕದಲ್ಲಿ ನನ್ನ ತಲೆಯನ್ನು ಮನಸ್ಸಿನಲ್ಲೇ ನಿಲ್ಲಿಸಿ ನೋಡಿದೆ. ದೀಪದ ಕಂಬದ ಪಕ್ಕದಲ್ಲಿ ಕಂಬದಿಂದ ಕಳಚಿಬಿದ್ದ ಬಲ್ಬು ಇಟ್ಟಂತಿತ್ತು. ಎದೆ ಒಳಕ್ಕೆ ಹೋಯಿತು.

ಕಾಂಪೌಂಡಿನ ಆಚೆ ಮುನಿರಾಜಪ್ಪ ಗಿಡಕ್ಕೆ ನೀರು ಹಾಕುತ್ತಿದ್ದ. ಆತ ಪುಟ್ಟೇನಹಳ್ಳಿಯ ಹಳೇ ಮನೆತನದವನು, ಸೈಟು ಮಾರಿಸುವುದರಲ್ಲಿ ಪಳಗಿದವನು. ಅವನಿಗೆ ವಿಷಯ ಹೇಳಿದ್ದು ನನ್ನ ಮೊದಲ ತಪ್ಪು. ಅವನು ಹೇಳಿದ್ದನ್ನು ಕೇಳಿದ್ದು ಎರಡನೆಯದು.

"ಇಂಗೆ ಯೋಚ್ನೆ ಮಾಡಿ ಸಾರ್. ಕಾಗದದಾಗೆ ಇರೋದ್ಕಿಂತ ಸೈಟು ಸಣ್ಣದಾಗಿದ್ರೆ ಮೋಸ. ದೊಡ್ಡದಾಗಿದ್ರೆ? ಗಿರಾಕಿಗೆ ಕುಸಿ! ನೀವು ಬೋಳು ಅಂತ ಏಳಿದೀರ. ಎದುರಿಗೆ ಓದಾಗ ಕೂದ್ಲು ಇದ್ರೆ ಅದು ಸುಳ್ಳಲ್ಲ ಸಾರ್. ಬೋನಸ್ಸು."

ಈ ವಾದದಲ್ಲಿ ಎಲ್ಲೋ ಒಂದು ತೂತು ಇದೆ ಎಂದು ನನಗೆ ಅನಿಸಿತು. ಎಲ್ಲಿ ಎಂದು ಹುಡುಕಲು ಮನಸ್ಸಾಗಲಿಲ್ಲ. ಪ್ರೊಫೈಲಿನಲ್ಲಿ ಬರೆದ ಒಂದಕ್ಷರವೂ ಸುಳ್ಳಲ್ಲ. ಬರೆದವನು ತಲೆಯ ಮೇಲೆ ಏನು ಇಟ್ಟುಕೊಂಡು ತಿರುಗುತ್ತಾನೆಂಬುದು ಅವನ ಖಾಸಗಿ ವಿಚಾರ. ಹೀಗೆಂದು ನಾನು ನನಗೆ ಆದೇಶ ಹೊರಡಿಸಿಕೊಂಡೆ.

ಮರುದಿನ ಬೆಳಗ್ಗೆ ಕವರಿನಲ್ಲಿ ಬಂದ ಕೂದಲು ಆ ಬೋನಸ್ಸೇ. ಊರ ನಾಟಕದಲ್ಲಿ ಮುನಿರಾಜಪ್ಪ ರಾಜಕುಮಾರನಾಗಿದ್ದಾಗ ಕೊಂಡದ್ದು. ಭುಜದವರೆಗಿದ್ದುದನ್ನು ಅವನೇ ಕತ್ತರಿ ಹಿಡಿದು ನನ್ನ ವಯಸ್ಸಿಗೆ ತಂದಿದ್ದ. ಹಿಂದಿನ ಭಾಗ ಕತ್ತರಿಸುವಷ್ಟರಲ್ಲಿ ಕೈನೋವು ಬಂತೆಂದು ಅಲ್ಲಿ ಮಾತ್ರ ಉದ್ದ ಬಿಟ್ಟಿದ್ದ. ಮೀಸೆ ಅಂಟಿಸುವ ಗೋಂದು ಬಳಿದು ನನ್ನ ತಲೆಗೆ ಒತ್ತಿದ. ಸರೋಜ ಸುತ್ತ ಬಂದು ನೋಡಿದಳು.

"ಎಲ್ಲ ಗಂಡಸರೂ ಕೂದ್ಲಿದೆ ಅಂತ ಬರೆದು ಬೋಳು ತಲೇಲಿ ಹೋಗ್ತಾರೆ. ಬೋಳು ಅಂತ ಬರೆದು ಕೂದ್ಲು ಹೊತ್ಕೊಂಡ್ ಹೋಗೋನು ನೀನೊಬ್ಬನೇ ಅಣ್ಣಯ್ಯ."

ನಾನು ಕೂದಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡೆ. ಮಾತಾಡಿದರೆ ಹಣೆ ಅಲುಗುತ್ತಿತ್ತು. ಅವಳು ಅತ್ತ ಹೋದಾಗ ಅವಳ ಸೊಂಟನೋವಿನ ಬೆಲ್ಟನ್ನು ಎತ್ತಿಕೊಂಡು, ಉಸಿರು ಒಳಗೆಳೆದು, ಹೊಟ್ಟೆಗೆ ಬಿಗಿದೆ. ಹೊಟ್ಟೆ ಮಾಯವಾಯಿತು. ಜೊತೆಗೆ ಉಸಿರೂ ಮಾಯವಾಯಿತು.

ಶಿಸ್ತಿನ ಮನುಷ್ಯನಾದ್ದರಿಂದ ಹೆಲ್ಮೆಟ್ ಇಲ್ಲದೆ ನಾನು ಸ್ಕೂಟರ್ ಹತ್ತುವುದಿಲ್ಲ. ಗುಡಿಯ ಮುಂದೆ ಇಳಿದು ಹೆಲ್ಮೆಟ್ ತೆಗೆದೆ. ಕೂದಲು ಹೆಲ್ಮೆಟ್ಟಿನ ಜೊತೆಗೇ ಹೋಯಿತು. ಆ ಹೊತ್ತಿಗೆ ಹತ್ತಿರ ಇದ್ದದ್ದು ಒಂದು ಹಸು ಮಾತ್ರ. ಅದು ಏನೂ ಅನ್ನಲಿಲ್ಲ. ನಾನು ಹೆಲ್ಮೆಟ್ಟಿನೊಳಗಿಂದ ಕೂದಲನ್ನು ಕಿತ್ತು, ಸ್ಕೂಟರಿನ ಅಂಗೈಯಗಲದ ಕನ್ನಡಿ ನೋಡಿಕೊಂಡು ಮತ್ತೆ ಒತ್ತಿ ಕೂರಿಸಿದೆ. ಅವಸರದಲ್ಲಿ ಹಿಂದು ಮುಂದಾಯಿತೆಂದು ತಿಳಿದದ್ದು ಉದ್ದ ಕೂದಲು ಕಣ್ಣಿಗೆ ಚುಚ್ಚಿದಾಗ. ತಿರುಗಿಸಲು ನೋಡಿದೆ, ಬರಲಿಲ್ಲ. ಹೆಲ್ಮೆಟ್ಟಿನಲ್ಲಿ ಕಳಚಿದ್ದ ಗೋಂದು ಈಗ ಹಟ ಹಿಡಿದಿತ್ತು!

ಒಳಗೆ ಹೋದರೆ ಶಶಿಕಲಾ ಆಗಲೇ ಬಂದಿದ್ದರು. ಫೋಟೋದಲ್ಲಿದ್ದ ಹಾಗೆಯೇ ಇದ್ದರು, ಅದೇ ಜಡೆ. ಆದರೆ ಮಾತಾಡುತ್ತಿದ್ದದ್ದು ಬೇರೊಬ್ಬ ಬೋಳು ತಲೆಯವರ ಜೊತೆ. ಪಾಪ, ನನ್ನ ಪ್ರೊಫೈಲನ್ನು ನಂಬಿ, ಗುಡಿಯಲ್ಲಿದ್ದ ಏಕೈಕ ಬೋಳು ತಲೆಯನ್ನು ನಾನೆಂದು ತಿಳಿದು ನಮಸ್ಕಾರ ಹೇಳಿದ್ದರು. ಆ ಮಹಾಶಯರು ನಾನಲ್ಲವೆಂದು ಹೇಳಿದ್ದರೂ, ನಾನಾಗಿದ್ದರೆ ಚೆನ್ನಾಗಿತ್ತು ಎಂಬ ಮುಖ ಮಾಡಿಕೊಂಡು ನಿಂತಿದ್ದರು. ನಾನು ದಾಪುಗಾಲು ಹಾಕಿ ಹೋಗಿ ಕೈ ಮುಗಿದೆ.

ಶಶಿಕಲಾ ನನ್ನನ್ನು ನೋಡಿದರು. ಹಣೆಯ ಮೇಲೆ ಇಳಿಬಿದ್ದ ಕೂದಲನ್ನು ನೋಡಿದರು. ಮೊಬೈಲಿನಲ್ಲಿದ್ದ ನನ್ನ ಮೂರೂ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಮತ್ತೆ ನನ್ನನ್ನು ನೋಡಿ ಕೇಳಿದರು:

"ನೀವು ಮೇಷ್ಟರ ತಮ್ಮ ಏನ್ರಿ?"

ಇಲ್ಲ, ನಾನೇ ಅವನು ಎನ್ನಲು ಒಂದು ಕ್ಷಣ ಸಾಕಿತ್ತು. ಆದರೆ ಹಾಗೆಂದರೆ ಕೂದಲಿನ ಲೆಕ್ಕ ಹೇಳಬೇಕು. ನನ್ನ ಬಾಯಿ, ಬೆಲ್ಟಿನಿಂದ ಉಸಿರುಗಟ್ಟಿದ್ದ ಆ ಬಾಯಿ, ನನ್ನ ಅಪ್ಪಣೆಯಿಲ್ಲದೆ "ಹೌದು" ಎಂದುಬಿಟ್ಟಿತು.

ಅರವತ್ತು ವರ್ಷ ದಾಟಿದ ಮೇಲೆ ನಾನು ನನ್ನದೇ ಬೆನ್ನಿಗೆ ಬಿದ್ದು ಹುಟ್ಟಿದೆ!

"ಹಂಗೇನ್ರಿ? ಅಣ್ಣಾರು ಯಾಕ ಬರಲಿಲ್ಲ?"

ಅಣ್ಣನಿಗೆ ಹೊಟ್ಟೆ ಸರಿಯಿಲ್ಲ ಎಂದೆ. ಹೊಟ್ಟೆಯ ವಿಷಯ ಪೂರ್ತಿ ಸುಳ್ಳೇನಲ್ಲ. ಪ್ರದಕ್ಷಿಣೆ ಹಾಕುತ್ತ ಅವರು ಅಣ್ಣನ ಬಗ್ಗೆ ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಅಣ್ಣ ಬಹಳ ಶಿಸ್ತಿನ ಮನುಷ್ಯ ಎಂದೆ. ಅಣ್ಣ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ ಎಂದೆ. ಈ ತಮ್ಮ ಹುಟ್ಟಿ ಆಗ ಹತ್ತು ನಿಮಿಷವಾಗಿತ್ತು.

"ಖರೇ ಹೇಳ್ಲೇನ್ರಿ," ಎಂದರು ಶಶಿಕಲಾ, ಧ್ವಜಸ್ತಂಭದ ಹತ್ತಿರ ನಿಂತು. "ನಿಮ್ಮ ಅಣ್ಣಾರ ಆ ಬೋಳು ತಲಿ ನೋಡೇ ನನಗ ಧೈರ್ಯ ಬಂದಿತ್ತು. ಬೆಳಿಗ್ಗೆ ಎದ್ದೆ ಅಂತ ಕಳಸ್ತಾರಲ್ಲ, ಅದನ್ನ ನೋಡದ ಚಾ ಕುಡಿಯೂದಿಲ್ಲ ನಾನು. ನೀವು ತಪ್ಪು ತಿಳಕೋಬ್ಯಾಡ್ರಿ, ಅಣ್ಣಾರಷ್ಟು ಚಂದ ಇಲ್ಲ ನೀವು."

ನನಗೆ ಅಣ್ಣನ ಮೇಲೆ ಹೊಟ್ಟೆಕಿಚ್ಚು ಬಂತು. ಅಣ್ಣ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಸಂಕಟವೂ ಆಯಿತು. ಅಣ್ಣನನ್ನು ಕರೆತರುವ ದಾರಿ ಮಾತ್ರ ಹೊಳೆಯಲಿಲ್ಲ.

ಮಂಗಳಾರತಿಯಾಯಿತು. ಎಲ್ಲರೂ ಸಾಲಾಗಿ ನಿಂತೆವು. ಮೊದಲು ನಾನು, ನನ್ನ ಎಡಕ್ಕೆ ಶಶಿಕಲಾ, ಅವರಾಚೆ ಆ ಬೋಳು ತಲೆಯ ಮಹಾಶಯರು. ತೀರ್ಥಕ್ಕೆ ಕೈಯೊಡ್ಡಿ ಬಾಗಿದೆ. ಸೊಂಟದಲ್ಲಿ ಚರ್‌ರ್ ಎಂದು ಸದ್ದಾಯಿತು. ಬೆಲ್ಟು ಬಿಚ್ಚಿಕೊಂಡು ಹೊಟ್ಟೆ ಸ್ವಸ್ಥಾನಕ್ಕೆ ಬಂದಿತ್ತು. ಹಿಂದಿದ್ದವರೊಬ್ಬರು ಪ್ಯಾಂಟು ಹರಿಯಿತೆಂದು ತಿಳಿದು, ಪರವಾಗಿಲ್ಲ, ಷರ್ಟು ಹೊರಗೆ ಬಿಡಿ ಎಂದು ಕಿವಿಯಲ್ಲಿ ಧೈರ್ಯ ಹೇಳಿದರು.

ಆಮೇಲೆ ಶಠಾರಿ. ದೇವರ ಪಾದದ ಗುರುತಿರುವ ಆ ಬೆಳ್ಳಿಯ ಕಿರೀಟವನ್ನು ಅರ್ಚಕರು ನನ್ನ ತಲೆಯ ಮೇಲಿಟ್ಟರು. ಅವರ ಬಾಯಲ್ಲಿ ಮಂತ್ರ, ಕಣ್ಣು ಬಾಗಿಲ ಬಳಿಯ ಪುಳಿಯೋಗರೆ ಪಾತ್ರೆಯ ಮೇಲೆ. ಶಠಾರಿಯನ್ನು ಎತ್ತಿದರು. ನನ್ನ ನೆತ್ತಿಗೆ ತಂಪು ಗಾಳಿ ತಗುಲಿತು.

ಬೆವರಿಗೆ ಗೋಂದು ಸಡಿಲವಾಗಿ, ಕೂದಲು ಹೊಲಿದಿದ್ದ ಬಲೆ ಶಠಾರಿಯ ಅಂಚಿಗೆ ಸಿಕ್ಕಿಕೊಂಡು ಜೊತೆಗೇ ಹೋಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅರ್ಚಕರು ಅಭ್ಯಾಸಬಲದಿಂದ ಅದನ್ನು ಶಶಿಕಲಾ ಅವರ ತಲೆಯ ಮೇಲಿಟ್ಟು ಎತ್ತಿದರು. ಈ ಸಲ ಶಠಾರಿ ಮಾತ್ರ ಮೇಲೆ ಬಂತು. ಬಿಳಿ ಜಡೆಯ ಮೇಲೆ ರಾಜಕುಮಾರನ ಕರಿ ಕೂದಲು ಕುಳಿತಿತ್ತು.

ಅರ್ಚಕರು ಮಂತ್ರ ನಿಲ್ಲಿಸಿ ಮೊದಲು ನೋಡಿದ್ದು ಆ ಬೋಳು ತಲೆಯ ಮಹಾಶಯರ ಕಡೆಗೆ.

"ನಂದಲ್ಲ ಸ್ವಾಮಿ," ಎಂದರು ಅವರು ಎರಡೂ ಕೈ ಎತ್ತಿ. "ನಾನು ಬರೋವಾಗ್ಲೇ ಹೀಗೇ ಬಂದಿದ್ದು."

ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ಗೋಂದು ಬಳಿದ ನನ್ನ ತಲೆ ನಂದಾದೀಪದ ಬೆಳಕಿನಲ್ಲಿ ಗರ್ಭಗುಡಿಗಿಂತ ಹೆಚ್ಚು ಹೊಳೆಯುತ್ತಿತ್ತಂತೆ. ಶಶಿಕಲಾ ಎರಡು ಬೆರಳಿನಲ್ಲಿ ಕೂದಲನ್ನು ಎತ್ತಿ ನನ್ನ ಕೈಗಿಟ್ಟು ಹೊರಗೆ ನಡೆದರು.

ನಾನು ಹಿಂದೆಯೇ ಓಡಿದೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ನಾಳೆಯಿಂದ "ನಾನೂ" ಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಕೂದಲು ಕೈಯಲ್ಲಿ, ಬೆಲ್ಟು ಷರ್ಟಿನ ಕೆಳಗೆ ನೇತಾಡುತ್ತ, ನಾನು ಅಟೆನ್ಷನ್‌ನಲ್ಲಿ ನಿಂತು ನಡೆದದ್ದನ್ನೆಲ್ಲ ಒಪ್ಪಿಸಿದೆ: ಜಡೆಯ ಫೋಟೋ, ಬೋನಸ್ಸು, ಗೋಂದು, ಹೆದರಿಕೆ. ತಮ್ಮ ಎಂದದ್ದಕ್ಕೆ ಕ್ಷಮೆ ಕೇಳಿದೆ.

"ಅಲ್ರಿ ಮೇಷ್ಟರ," ಎಂದರು ಅವರು. "ಒಡಹುಟ್ಟಿದವರು ತಂಗಿ ಒಬ್ಬಳೇ ಅಂತ ನೀವಽ ಬರದೀರಿ. ನಿಮಗ ತಮ್ಮ ಎಲ್ಲಿಂದ ಬರಬೇಕು? ಎಷ್ಟು ದೂರ ಹೋಗ್ತೀರಿ ನೋಡೂಣು ಅಂತ ಕೇಳಿದೆ. ನೀವು ಪ್ರದಕ್ಷಿಣಿ ಮುಗಿಯೂತನಕ ಹೋದ್ರಿ."

ಇಡೀ ಹೊತ್ತು ಅವರಿಗೆ ಗೊತ್ತಿತ್ತು! ನನ್ನ ಸುಳ್ಳನ್ನು ಹಿಡಿದುಕೊಟ್ಟದ್ದು ನನ್ನದೇ ಸತ್ಯ. ಅವರು ಎರಡು ಹೆಜ್ಜೆ ಹೋಗಿ ತಿರುಗಿದರು. ನಗು ತಡೆಯುವುದಕ್ಕೆ ಬಾಯಿಗೆ ಸೆರಗು ಹಿಡಿದಿದ್ದರು.

"ಮುಂದಿನ ಭಾನುವಾರ ಇಲ್ಲೇ ಎಂಟಕ್ಕ ಬರ್ತೀನಿ. ಅಣ್ಣಾರನ್ನ ಕಳಿಸಿಕೊಡ್ರಿ. ತಮ್ಮ ಬರೂದು ಬ್ಯಾಡ."

ಮನೆಗೆ ಬಂದು ಬೆಲ್ಟನ್ನು ಸರೋಜಳಿಗೆ ಒಪ್ಪಿಸಿದೆ. ಅವಳು ನಕ್ಕು ನಕ್ಕು ಸೊಂಟ ಹಿಡಿದುಕೊಂಡು, ತಕ್ಷಣ ಅದನ್ನೇ ಕಟ್ಟಿಕೊಂಡಳು. ಮಧ್ಯಾಹ್ನ ಪ್ರೊಫೈಲ್ ತೆರೆದು ಒಂದೇ ಒಂದು ತಿದ್ದುಪಡಿ ಮಾಡಿದೆ. "ಸ್ವಭಾವ: ಸತ್ಯವಂತ" ಎಂದಿದ್ದಲ್ಲಿ "ಸಾಮಾನ್ಯವಾಗಿ ಸತ್ಯವಂತ" ಎಂದು ಬರೆದೆ. ಸಾಮಾನ್ಯವಾಗಿ ಅನ್ನುವುದೂ ಸ್ವಲ್ಪ ಜಾಸ್ತಿಯಾಯಿತು ಎಂದಳು ಸರೋಜ.

ಸಂಜೆ ಆರಕ್ಕೆ ದಿನದ ಕೊನೆಯ ಕೆಲಸ. ಶಾಂಪೂ ಹಾಕಿ ತೊಳೆದಿದ್ದ ಕೂದಲು ತಂತಿಯ ಮೇಲೆ ಒಣಗಿತ್ತು. ಬಾಚಿ, ಕವರಿಗೆ ಹಾಕಿ, ಕಾಂಪೌಂಡಿನ ಬಳಿ ಹೋದೆ.

"ಎಂಗಾಯ್ತು ಸಾರ್? ಒಪ್ಕೊಂಡ್ರಾ?" ಎಂದ ಮುನಿರಾಜಪ್ಪ.

"ಅಣ್ಣನ್ನ ಇನ್ನೊಂದ್ಸಲ ನೋಡ್ತಾರಂತೆ. ತಮ್ಮ ಬೇಡವಂತೆ."

ಅವನು ಕಣ್ಣರಳಿಸಿದ. "ನಿಮ್ಗೆ ತಮ್ಮ ಬೇರೆ ಅವ್ರಾ ಸಾರ್? ನಾನು ನೋಡೇ ಇಲ್ವಲ್ಲ."

ನಾನು ಕವರನ್ನು ಅವನ ಕೈಗಿಟ್ಟೆ.

"ಇವನೇ. ಸ್ನಾನ ಮಾಡಿಸಿದೀನಿ, ಜೋಪಾನ."